ಪಾಡ್‌ಕಾಸ್ಟ್ ಪಠ್ಯ | ಅಕ್ಕನಿಗೊಂದು ಇಳಕಲ್ ಸೀರೆ: ಕೈಮಗ್ಗದ್ದೋ, ಪವರ್‌ಲೂಮೋ ಗುರುತಿಸೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಹಾಗಾದ್ರೆ ಶುರು ಮಾಡೋಣ.

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಊರು ಬಾಗಲಕೋಟೆಯ ನವನಗರ, ಕೆಲಸ ಬೆಂಗಳೂರಲ್ಲಿ. ಅವರ ಅಕ್ಕನಿಗೆ ಈ ವರ್ಷ ಮದುವೆ ಆಗಿದೆ. ಮೊದಲ ಪಂಚಮಿಗೆ ತವರಿಗೆ ಬರ್ತಾರೆ. ಪಂಚಮಿ ಅಂದ್ರೆ ನಮ್ಮ ಕಡೆ ಗೊತ್ತಲ್ಲ, ಅಣ್ಣನೋ ತಮ್ಮನೋ ಹೋಗಿ ಕರ್ಕೊಂಡು ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು, ವಾಪಸ್ ಹೋಗುವಾಗ ಬರಿಗೈಲಿ ಕಳಿಸಬಾರದು. ಇವರ ಹತ್ತಿರ ಆರು ಸಾವಿರ ರೂಪಾಯಿ ಇದೆ. 'ಮಹಿಳೆಯರಿಗೆ ಲಕ್ಷುರಿ ಗಿಫ್ಟ್' ಅಂತ ಫೋನಲ್ಲಿ ಹುಡುಕಿದ್ರಂತೆ. ಬಂದ ಪಟ್ಟಿ ಕೇಳಿ: ಸ್ಕೀ ಗಾಗಲ್, ಕಾಶ್ಮೀರಿ ಉಣ್ಣೆಯ ಸ್ಕೀ ಟೋಪಿ, ತುಪ್ಪಳದ ಕಾಲರ್ ಇರೋ ಸ್ಕೀ ಜಾಕೆಟ್.

ಬಾಗಲಕೋಟೆಯಲ್ಲಿ ಸ್ಕೀ ಜಾಕೆಟ್! ಏಪ್ರಿಲ್ ತಿಂಗಳಲ್ಲಿ ನಮ್ಮೂರಲ್ಲಿ ಗೋಡೆ ಮುಟ್ಟಿದ್ರೆ ಕೈ ಸುಡ್ತದೆ. ಆ ಪಟ್ಟಿ ಬರೆದವರಿಗೆ ಹಿಮ ಗೊತ್ತು, ಅವರ ಅಕ್ಕ-ತಂಗಿಯರು ಚಳಿಗಾಲದಲ್ಲಿ ಆಲ್ಪ್ಸ್‌ಗೆ ಹೋಗ್ತಾರೆ, ಅವರಿಗೆ ಅದು ಸರಿ. ನಿಮ್ಮ ಮನೆಯಲ್ಲೂ ಯಾರಾದ್ರೂ ಗುಲ್ಮಾರ್ಗ್‌ಗೆ ಹೊರಟಿದ್ರೆ ಒಂದು ಜೊತೆ ಒಳ್ಳೆ ಉಣ್ಣೆ ಸಾಕ್ಸ್, ನೀರು ಒಳಗೆ ಬಿಡದ ಕೈಗವಸು ಕೊಡಿ, ಉಪಯೋಗಕ್ಕೆ ಬರ್ತದೆ. ಅಲ್ಲಿಗೆ ಸ್ಕೀ ವಿಷಯ ಮುಗೀತು.

ಆದ್ರೆ ಆ ಪಟ್ಟಿ ಹಿಂದಿನ ಯೋಚನೆ ತಪ್ಪೇನಲ್ಲ ನೋಡಿ. ಅವಳು ತಾನಾಗೇ ಕೊಂಡುಕೊಳ್ಳದ, ಕೈಯಿಂದ ಮಾಡಿದ, ನಾಲ್ಕು ಜನರ ನಡುವೆ ಹಾಕ್ಕೊಂಡ್ರೆ 'ಎಲ್ಲಿ ತಗೊಂಡಿ?' ಅಂತ ಕೇಳಿಸಿಕೊಳ್ಳೋ ವಸ್ತು. ಲಕ್ಷುರಿ ಅಂದ್ರೆ ಅಷ್ಟೇ ತಾನೆ? ಅಂಥ ವಸ್ತು ಆ ಕೇಳುಗರ ಮನೆಯಿಂದ ಎರಡು ತಾಸಿನ ಬಸ್ ದಾರಿಯಲ್ಲಿ ತಯಾರಾಗ್ತದೆ. ಹುನಗುಂದ ದಾಟಿದ್ರೆ ಇಳಕಲ್. ಬಾದಾಮಿ ಕಡೆ ತಿರುಗಿದ್ರೆ ಗುಳೇದಗುಡ್ಡ. ಒಂದು ಊರಲ್ಲಿ ಸೀರೆ, ಇನ್ನೊಂದು ಊರಲ್ಲಿ ಅದಕ್ಕೆ ಒಪ್ಪೋ ಖಣ.

ಇವತ್ತಿನ ಸಂಚಿಕೆ ಇದರ ಬಗ್ಗೆನೇ. ಇಳಕಲ್ ಸೀರೆ ಉಡುಗೊರೆ ಕೊಡೋದಾದ್ರೆ ಹೇಗೆ ಆರಿಸಬೇಕು, ಮೋಸ ಹೋಗದೇ ಇರೋದು ಹೇಗೆ. ಮೋಸದ ವಿಷಯ ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕಂದ್ರೆ ನಾನೇ ಹೋಗಿದ್ದೆ.

ಮೊದಲ ಸಂಬಳ ಬಂದಾಗ ಅವ್ವನಿಗೆ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಇಳಕಲ್ ಸೀರೆ ತಗೊಂಡೆ. 'ಪ್ಯೂರ್ ಹ್ಯಾಂಡ್‌ಲೂಮ್ ಸರ್' ಅಂದ್ರು. ಹಸಿರು ಒಡಲು, ಕೆಂಪು ದಡಿ, ನೋಡೋಕೆ ಚಂದ. ನನಗೆ ಏನು ಗೊತ್ತು? ಬಿಲ್ ಕೂಡ ತಗೊಳ್ಳಲಿಲ್ಲ. ಊರಿಗೆ ಹೋಗಿ ಕೊಟ್ಟೆ. ಅವ್ವ ಸೀರೆ ಬಿಚ್ಚಿ, ಸೆರಗಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ್ಲು. ಮುಖದಲ್ಲಿ ಏನೂ ತೋರಿಸಲಿಲ್ಲ. 'ಚೊಲೋ ಐತಿ ನೋಡಪಾ' ಅಂದ್ಲು. ಆಮೇಲೆ ಎರಡು ವರ್ಷ ಆ ಸೀರೆ ಟ್ರಂಕಿನಿಂದ ಹೊರಗೆ ಬರಲಿಲ್ಲ. ಒಂದು ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೊರಟಾಗ ನಾನೇ ಕೇಳಿದೆ, 'ನಾ ಕೊಟ್ಟಿದ್ದು ಉಟ್ಕೊಳವಾ.' ಆಗ ಹೇಳಿದ್ಲು: 'ಅದು ಮೈಗೆ ಹತ್ತೂದಿಲ್ಲೋ ಯಪ್ಪಾ. ಬಿಸಲಾಗ ಬೆವರ ಹೀರೂದಿಲ್ಲ. ಒಲಿ ಮುಂದಂತೂ ಅಂಜಿಕಿ ಬರ್ತೈತಿ. ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಿರಲಿಲ್ಲ.' ಪಾಲಿಯೆಸ್ಟರ್ ಸೀರೆ ಅದು. ಅವ್ವನಿಗೆ ಮುಟ್ಟಿದ ಕ್ಷಣಕ್ಕೇ ಗೊತ್ತಾಗಿತ್ತು.

ಅವ್ವನ ಬೆರಳಿಗೆ ಏನು ಗೊತ್ತಾಯ್ತು ಅನ್ನೋದನ್ನ ಆಮೇಲೆ ನಾನು ಇಳಕಲ್‌ಗೆ ಹೋಗಿ ಕೂತು ಕಲಿತೆ. ಅದನ್ನೇ ಈಗ ನಿಮಗೆ ಹೇಳ್ತೀನಿ.

ಇಳಕಲ್ ಸೀರೆಯ ಗುಟ್ಟು ಇರೋದು ಅದರ ಬಣ್ಣದಲ್ಲಲ್ಲ, ಒಂದು ಜೋಡಣೆಯಲ್ಲಿ. ಬಟ್ಟೆ ಅಂದ್ರೆ ಹಾಸು ಮತ್ತು ಹೊಕ್ಕು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿರೋ ನೂಲು ಹಾಸು. ಲಾಳಿ ಅಡ್ಡಡ್ಡ ಓಡಿಸೋ ನೂಲು ಹೊಕ್ಕು. ಬಹಳಷ್ಟು ಸೀರೆಗಳಲ್ಲಿ ಹಾಸು ಒಂದೇ ಇರ್ತದೆ, ಈ ತುದಿಯಿಂದ ಆ ತುದಿವರೆಗೆ ಅದೇ ನೂಲು. ಇಳಕಲ್ ಸೀರೆಯಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಅದು ಹೆಚ್ಚಾಗಿ ಹತ್ತಿ. ಸೆರಗಿನ ಹಾಸು ಬೇರೆ, ಅದು ರೇಷ್ಮೆ ಅಥವಾ ಚಮಕಾ. ಚಮಕಾ ಅಂದ್ರೆ ಆರ್ಟ್ ಸಿಲ್ಕ್, ರೇಷ್ಮೆ ಥರ ಹೊಳೆಯೋ ಕೃತಕ ನೂಲು. ದಡಿಯ ಹಾಸೂ ಬೇರೆಯಾಗೇ ತಯಾರಾಗ್ತದೆ, ಸೆರಗಿನ ಬಣ್ಣವೇ ಅದಕ್ಕೂ.

ಈಗ ಒಡಲಿನ ಹತ್ತಿ ನೂಲು ಮುಗಿಯೋ ಕಡೆ ಸೆರಗಿನ ರೇಷ್ಮೆ ನೂಲು ಶುರುವಾಗಬೇಕಲ್ಲ? ಅಲ್ಲಿ ನೇಕಾರರು ಒಂದೊಂದು ಎಳೆಗೂ ಕುಣಿಕೆ ಹಾಕಿ, ಈ ಕುಣಿಕೆಯೊಳಗೆ ಆ ಕುಣಿಕೆ ಸಿಕ್ಕಿಸಿ ಎರಡು ಹಾಸುಗಳನ್ನ ಜೋಡಿಸ್ತಾರೆ. ಸಾವಿರಾರು ಎಳೆ, ಒಂದೂ ತಪ್ಪೋ ಹಾಗಿಲ್ಲ. ಇದಕ್ಕೆ ತೋಪತೆನಿ ಅಂತಾರೆ. ಹೀಗೆ ಜೋಡಿಸಿದ ಸೆರಗಿಗೂ ಅದೇ ಹೆಸರು, ತೋಪತೆನಿ ಸೆರಗು: ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿ, ಅಂಚಿನಲ್ಲಿ ಹಲ್ಲು ಹಲ್ಲು ಆಕಾರ. ತೆನೆ ಅಂದ್ರೆ ಜೋಳದ ತೆನೆಯೂ ಹೌದು, ಕೋಟೆ ಗೋಡೆಯ ಮೇಲಿನ ತೆನೆಯೂ ಹೌದು. ಬಾದಾಮಿಯಲ್ಲಿ ಗುಡ್ಡದ ಮೇಲಿನ ಕೋಟೆ ನೋಡಿದವರಿಗೆ, ಹುನಗುಂದದ ಎರೆ ಹೊಲದಲ್ಲಿ ಬಿಳಿಜೋಳ ನೋಡಿದವರಿಗೆ ಆ ಸೆರಗು ಹೊಸದೇನೂ ಅನ್ನಿಸಲ್ಲ.

ಇಷ್ಟು ಕಷ್ಟ ಯಾಕೆ ಪಡಬೇಕು? ಲೆಕ್ಕ ಹಾಕಿ ನೋಡಿದ್ರೆ ಗೊತ್ತಾಗ್ತದೆ. ರೇಷ್ಮೆ ತುಟ್ಟಿ. ಸೆರಗಿನ ಉದ್ದ ಸುಮಾರು 16ರಿಂದ 27 ಇಂಚು. ಎಲ್ಲರ ಕಣ್ಣಿಗೆ ಬೀಳೋ ಅಷ್ಟು ಭಾಗಕ್ಕೆ ಮಾತ್ರ ರೇಷ್ಮೆ ಹಾಕಿ, ಮೈಗೆ ಸುತ್ತೋ ಉಳಿದ ಗಜಗಳಿಗೆ ಹತ್ತಿ ಹಾಕಿದ್ರೆ ಹೊಲದಲ್ಲಿ ಕೆಲಸ ಮಾಡೋ ಹೆಂಗಸಿಗೆ ಬಿಸಿಲಲ್ಲೂ ತಂಪು, ಬೆಲೆಯೂ ಕೈಗೆಟುಕ್ತದೆ, ಹೆಗಲ ಮೇಲೆ ರೇಷ್ಮೆಯೂ ಹೊಳೀತದೆ. ಯಾರು ಮೊದಲು ಮಾಡಿದ್ರೋ, ಬಹಳ ಬುದ್ಧಿವಂತರು.

ಆದ್ರೆ ಈ ಬುದ್ಧಿವಂತಿಕೆಗೆ ಒಂದು ಬೆಲೆ ಇದೆ. ಪ್ರತಿ ಸೀರೆಗೂ ಸೆರಗನ್ನ ಹೊಸದಾಗಿ ಜೋಡಿಸಲೇಬೇಕು. ಹಾಗಾಗಿ ಉದ್ದದ ಹಾಸು ಕಟ್ಟಿ ಒಂದರ ಹಿಂದೊಂದು ಹತ್ತು ಸೀರೆ ನೇಯ್ದುಬಿಡೋಕೆ ಆಗಲ್ಲ. ಆರು ಗಜ, ಎಂಟು ಗಜ ಅಥವಾ ಒಂಬತ್ತು ಗಜದ ಹಾಸು, ಒಂದು ಸಲಕ್ಕೆ ಒಂದೇ ಸೀರೆ. ಅದರ ಮೇಲೆ 'ಕೊಂಡಿ' ಅನ್ನೋ ಕೆಲಸ. ಮೂರು ಲಾಳಿ ಬಳಸಿ ಹೊಕ್ಕಿನ ನೂಲುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಳ್ಳೋ ಹಾಗೆ ನೇಯ್ತಾರೆ. ಒಂದು ಬಣ್ಣ ಇನ್ನೊಂದರೊಳಗೆ ಕಲಸದೆ ಗಟ್ಟಿಯಾಗಿ ನಿಲ್ಲೋದು ಅದರಿಂದ.

ನಾನು ನೋಡಿದ ಮನೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯೋದು. ಯಜಮಾನರು ಮಗ್ಗದಲ್ಲಿ, ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾ ಇದ್ರು. 'ಕಾಕಾ, ಒಂದ್ ಸೀರಿಗೆ ಎಷ್ಟ್ ದಿನ?' ಅಂದೆ. 'ಮನ್ಯಾಗ ಎಲ್ಲಾರೂ ಆರಾಮ ಇದ್ರ ನಾಕ್ ದಿನ. ಲೈಟ್ ಹೋದ್ರ, ಮದುವಿ ಮುಂಜಿವಿ ಬಂದ್ರ ವಾರ' ಅಂದ್ರು. ಸೀರೆಯ ಮೇಲೆ ಒಬ್ಬರ ಹೆಸರೇ ಇದ್ರೂ ಅದು ಇಡೀ ಮನೆಯ ಕೆಲಸ.

ಇಷ್ಟು ಗೊತ್ತಾದ್ರೆ ಪರೀಕ್ಷೆ ಸುಲಭ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿ. ಬಿಚ್ಚೋಕೆ ಮುಖ ಗಂಟು ಹಾಕೋ ಅಂಗಡಿಯಿಂದ ಎದ್ದು ಬನ್ನಿ. ಒಡಲು ಮುಗಿದು ಸೆರಗು ಶುರುವಾಗೋ ಜಾಗ ಹುಡುಕಿ, ತಿರುವಿ ಹಾಕಿ. ಹಿಂದಿನಿಂದ ನೋಡಿದ್ರೆ ಅಗಲಕ್ಕೂ ಒಂದು ಗೆರೆ ಥರ ಕುಣಿಕೆಗಳ ಸಾಲು ಕಾಣಬೇಕು, ಬೆರಳಾಡಿಸಿದ್ರೆ ಸಣ್ಣಗೆ ತಡೀಬೇಕು. ಫೋನ್ ಕ್ಯಾಮೆರಾ ಝೂಮ್ ಮಾಡಿದ್ರೆ ಇನ್ನೂ ಸ್ಪಷ್ಟ. ಅವ್ವ ಎರಡು ಬೆರಳಲ್ಲಿ ತಿಕ್ಕಿ ಹುಡುಕಿದ್ದು ಇದನ್ನೇ.

ಇನ್ನೊಂದು ಗುರುತು ಸೆರಗಿನ ಕೆಂಪು. ತೋಪತೆನಿಯಲ್ಲಿ ಸೆರಗಿನ ಹಾಸೂ ಕೆಂಪು, ಹೊಕ್ಕೂ ಕೆಂಪು. ಹಾಗಾಗಿ ಕೆಂಪು ಅಂದ್ರೆ ಗಟ್ಟಿ ಕೆಂಪು. ಜೋಡಣೆ ಇಲ್ಲದೆ ಒಡಲಿನ ಹಾಸನ್ನೇ ಸೆರಗಿನವರೆಗೆ ಎಳೆದಿದ್ರೆ? ಒಡಲು ಹಸಿರಾಗಿದ್ರೆ ಸೆರಗಿನ ಕೆಂಪಿನ ನಡುವೆ ಹಸಿರು ಎಳೆ ಇಣುಕ್ತದೆ, ಕೆಂಪು ಮಂಕಾಗಿ ಕಾಣ್ತದೆ. ನನ್ನ ಅವ್ವನ ಸೀರೆಯಲ್ಲಿ ಸರಿಯಾಗಿ ಇದೇ ಆಗಿತ್ತು. ಬೆಂಗಳೂರಿನ ಟ್ಯೂಬ್‌ಲೈಟ್ ಬೆಳಕಲ್ಲಿ ನನಗೆ ಅದು 'ಶೇಡ್' ಅನ್ನಿಸಿತ್ತು!

ನೂಲು ಯಾವುದು ಅಂತ ತಿಳೀಬೇಕಾದ್ರೆ ಹಳೇ ಉಪಾಯ ಒಂದಿದೆ. ಸೆರಗಿನ ತುದಿಯಿಂದ ಒಂದೆರಡು ಎಳೆ ಕೇಳಿ ತಗೊಳ್ಳಿ, ಅಂಗಡಿಯ ಹೊರಗೆ ಬಂದು ಬೆಂಕಿ ತಾಗಿಸಿ. ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗ್ತದೆ. ಹತ್ತಿ ಮತ್ತು ಚಮಕಾ ಕಾಗದ ಸುಟ್ಟ ಹಾಗೆ ಉರೀತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಅಂಟ್ಕೊಳ್ತದೆ. ಒಲೆ ಮುಂದೆ ಅವ್ವನಿಗೆ ಅಂಜಿಕೆ ಬರ್ತಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ?

ಕಾಗದದ ಗುರುತುಗಳೂ ಇವೆ. ಇಳಕಲ್ ಸೀರೆಗೆ ಜಿಐ, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿದೆ. ಗುಳೇದಗುಡ್ಡ ಖಣಕ್ಕೂ ಸಿಕ್ಕಿದೆ. ಆದ್ರೆ ಜಿಐ ಅನ್ನೋದು ಹೆಸರಿಗೆ ಸಿಕ್ಕ ರಕ್ಷಣೆ, ಅಂಗಡಿಯಲ್ಲಿರೋ ಪ್ರತಿಯೊಂದು ಸೀರೆಗೂ ಸಿಕ್ಕ ಸರ್ಟಿಫಿಕೇಟ್ ಅಲ್ಲ. 'ಸರ್, ಜಿಐ ಟ್ಯಾಗ್ ಇದೆ' ಅಂದ ಕೂಡಲೇ ತಲೆ ಆಡಿಸಬೇಡಿ. ಸೀರೆಗೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಹೊಲಿದಿದೆಯಾ ನೋಡಿ, ಅದು 2006ರಲ್ಲಿ ಕೇಂದ್ರ ಸರ್ಕಾರ ತಂದ ಗುರುತು. ಪೂರ್ತಿ ರೇಷ್ಮೆ ಅಂತ ಹೇಳಿ ಮಾರೋದಾದ್ರೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಟ್ಯಾಗ್ ಕೇಳಿ. ಹತ್ತಿ-ರೇಷ್ಮೆ ಸೇರಿದ ಸೀರೆಗೆ ಪೂರ್ತಿ ರೇಷ್ಮೆಯ ಟ್ಯಾಗ್ ತೋರಿಸಿದ್ರೆ ಅಲ್ಲೇ ಅನುಮಾನ ಪಡಿ. ಮತ್ತೆ, ದಯವಿಟ್ಟು ಬಿಲ್ ತಗೊಳ್ಳಿ. ಬಿಲ್ಲಿನಲ್ಲಿ 'ಸೀರೆ-1' ಅಂತಲ್ಲ, 'ಕೈಮಗ್ಗದ ಇಳಕಲ್, ಹತ್ತಿ-ರೇಷ್ಮೆ' ಅಂತ ಬರೆಸಿ. ಸುಳ್ಳು ಹೇಳೋ ಅಂಗಡಿಯವರು ಬಾಯಲ್ಲಿ ಎಷ್ಟು ಬೇಕಾದ್ರೂ ಹೇಳ್ತಾರೆ, ಬರೆಯೋಕೆ ಬಂದಾಗ ಪೆನ್ ನಿಲ್ತದೆ. ಬರೆದು ಕೊಟ್ಟೂ ಮೋಸ ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಕೆ ಕೈಯಲ್ಲಿ ದಾಖಲೆ ಇರ್ತದೆ. ನನ್ನ ಕೈಯಲ್ಲಿ ಇರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪವರ್‌ಲೂಮ್ ಸೀರೆ ಅಂದ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇಳಕಲ್‌ನಲ್ಲೇ ಪವರ್‌ಲೂಮ್ ಇವೆ, ರಬಕವಿ-ಬನಹಟ್ಟಿಯಲ್ಲಿ ಬೀದಿ ತುಂಬ ಇವೆ, ಸಾವಿರಾರು ಮನೆ ಅದರಿಂದ ನಡೀತವೆ. ದಿನಾ ಉಡೋಕೆ, ನಾಲ್ಕು ಜನಕ್ಕೆ ಆಯೇರಿ ಮಾಡೋಕೆ ಕಡಿಮೆ ಬೆಲೆಯ ಪವರ್‌ಲೂಮ್ ಸೀರೆ ತಗೊಂಡ್ರೆ ಯಾರೂ ನಿಮ್ಮನ್ನ ಬೈಯಲ್ಲ. ನನ್ನ ಜಗಳ ಇರೋದು ಪವರ್‌ಲೂಮ್ ಸೀರೆಗೆ ಕೈಮಗ್ಗದ ರೇಟ್ ಹಾಕೋರ ಜೊತೆ. ಅಲ್ಲಿ ನಷ್ಟ ಆಗೋದು ಕೊಳ್ಳುವ ನಮಗೆ ಮಾತ್ರ ಅಲ್ಲ.

ಒಂದು ಸಣ್ಣ ಲೆಕ್ಕ. ಸೀರೆಗೆ ನಾಲ್ಕು ದಿನ ಅಂತ ಇಟ್ಕೊಳ್ಳಿ. ಇಬ್ಬರ ದುಡಿಮೆ. ತಲಾ ದಿನಕ್ಕೆ ಬರೀ 300 ರೂಪಾಯಿ ಹಿಡಿದ್ರೂ ಕೂಲಿಯೇ 2,400. ನೂಲು, ಬಣ್ಣ, ಅಂಗಡಿಯ ಲಾಭ ಇನ್ನೂ ಬಂದಿಲ್ಲ. ಹಾಗಾದ್ರೆ 800 ರೂಪಾಯಿಗೆ 'ಅಸಲಿ ಕೈಮಗ್ಗ' ಹೇಗೆ ಸಾಧ್ಯ? ಒಂದೋ ಅದು ಕೈಮಗ್ಗ ಅಲ್ಲ, ಇಲ್ಲಾ ಯಾರದೋ ಕೂಲಿ ಹೋಗಿದೆ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದಲ್ಲಿರೋರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಮುಕ್ಕಾಲು ಭಾಗದ ಹತ್ತಿರ ಹೆಂಗಸರು. ಆ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ತಿಂಗಳಿಗೆ! ನಾನು ಕೂತಿದ್ದ ಮನೆಯ ಕಾಕಾ ಕೂಲಿ ನೇಕಾರರು. ನೂಲು ಮಾಲೀಕರದ್ದು, ಸೀರೆ ಮಾಲೀಕರಿಗೆ, ಇವರಿಗೆ ಒಂದು ಸೀರೆಗೆ ಇಷ್ಟು ಅಂತ ಕೂಲಿ. ಮಗ ಏನ್ ಮಾಡ್ತಾನೆ ಅಂತ ಕೇಳಿದೆ. ಬೆಂಗಳೂರಲ್ಲಿ ಡೆಲಿವರಿ ಕೆಲಸ. 'ಅವಗ ತೋಪತೆನಿ ಹಾಕಾಕ ಬರೂದಿಲ್ಲ, ಕಲಸಿಲ್ಲ ನಾ' ಅಂದ್ರು. ಯಾಕೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಸರಿ. ಅಸಲಿ ಸೀರೆ ಗುರುತಿಸೋದು ಆಯ್ತು. ಆದ್ರೆ ಅಸಲಿ ಆದ ಮಾತ್ರಕ್ಕೆ ಒಳ್ಳೆ ಉಡುಗೊರೆ ಆಗಲ್ಲ. ಯಾರಿಗೆ ಕೊಡ್ತಿದೀರಿ ಅನ್ನೋದು ಮುಖ್ಯ.

ಮೊದಲು ಉದ್ದ. ಇದನ್ನ ಹುಡುಗರು ಕೇಳೋದೇ ಇಲ್ಲ. ಅಜ್ಜಿ ಕಚ್ಚೆ ಹಾಕಿ ಉಡೋರಾದ್ರೆ ಆರು ಗಜದ ಸೀರೆ ಅವರಿಗೆ ಸಾಲೋದೇ ಇಲ್ಲ, ಎಂಟೋ ಒಂಬತ್ತೋ ಬೇಕು. ಅಕ್ಕನಿಗೆ ಆರು ಸಾಕು. ಕೊಳ್ಳೋ ಮುಂಚೆ ಮನೆಗೆ ಒಂದು ಫೋನ್ ಮಾಡಿ ಕೇಳಿ, ಗುಟ್ಟು ಬಿಟ್ಟುಹೋಗ್ತದೆ ಅಂತ ಹೆದರಿದ್ರೆ ಕಪಾಟಿನಲ್ಲಿರೋ ಹಳೇ ಸೀರೆ ಅಳೆಯೋಕೆ ತಂಗಿಗೆ ಹೇಳಿ.

ದಡಿಗೆ ಹೆಸರುಗಳಿವೆ. ಚಿಕ್ಕಿ, ಗೋಮಿ, ಜರಿ, ಗಾಡಿ. ಚಿಕ್ಕಿ ಪರಾಸ ಅಂತ ಕೇಳಿದ್ರೆ ಅಂಗಡಿಯವರಿಗೆ ನೀವು ಹೊಸಬರಲ್ಲ ಅಂತ ಗೊತ್ತಾಗ್ತದೆ, ಅದೂ ಒಂದು ಉಪಯೋಗ. ದಡಿಯ ಬಣ್ಣ ಹೆಚ್ಚಾಗಿ ಕೆಂಪು ಅಥವಾ ಮರೂನ್. ಒಡಲಲ್ಲಿ ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ಹಳೇ ಕಾಲದಿಂದ ಬಂದ ಬಣ್ಣಗಳು. ಗಿರಿಕುಂಕುಮ ಅನ್ನೋ ಒಂದು ಕುಂಕುಮಗೆಂಪು ಬೇರೆಯೇ ಇದೆ. ಒಡಲು ಪೂರ್ತಿ ಒಂದೇ ಬಣ್ಣ ಇರಬಹುದು, ಸಣ್ಣ ಗೆರೆ ಇರಬಹುದು, ಚೌಕಳಿ ಇರಬಹುದು. ಆಫೀಸಿಗೆ ಉಡೋ ಅಕ್ಕನಿಗೆ ಸಣ್ಣ ಗೆರೆಯ ಹತ್ತಿ-ರೇಷ್ಮೆ ನನ್ನ ಆಯ್ಕೆ. ಜಿಗಿಜಿಗಿ ಜರಿ ಸೀರೆ ಕೊಟ್ರೆ ಅದು ಮದುವೆಯಿಂದ ಮದುವೆಗೆ ಮಾತ್ರ ಕಪಾಟಿನಿಂದ ಇಳೀತದೆ. ಆರು ಸಾವಿರದ ಒಳಗೆ ಹತ್ತಿ-ರೇಷ್ಮೆಯ ಕೈಮಗ್ಗದ ಸೀರೆಯನ್ನೇ ನೋಡಬಹುದು. ಪೂರ್ತಿ ರೇಷ್ಮೆಯ ಆಸೆಗೆ ಹೋಗಬೇಡಿ, ಆ ದುಡ್ಡಿಗೆ ಪೂರ್ತಿ ರೇಷ್ಮೆ ಅಂತ ಯಾರಾದ್ರೂ ಕೊಟ್ರೆ ಮೇಲೆ ಹೇಳಿದ ಬೆಂಕಿ ಪರೀಕ್ಷೆ ನೆನಪು ಮಾಡ್ಕೊಳ್ಳಿ.

ಇನ್ನು ಖಣ. ನನ್ನ ಪ್ರಕಾರ ಈ ಉಡುಗೊರೆಯ ನಿಜವಾದ ಸ್ಟೈಲ್ ಇರೋದು ಇಲ್ಲೇ. ಹಳೇ ಪದ್ಧತಿಯ ಇಳಕಲ್ ಸೀರೆಗೆ ಬ್ಲೌಸ್ ಪೀಸ್ ಅಂಟಿಕೊಂಡು ಬರೋದಿಲ್ಲ. ಅದಕ್ಕೆ ಗುಳೇದಗುಡ್ಡದ ಖಣದ ಕುಬಸ ಇತ್ತಲ್ಲ! ಮೈ ತುಂಬ ಸಣ್ಣ ಸಣ್ಣ ನೇಯ್ಗೆಯ ಚಿತ್ರ, ಎರಡು ಕಡೆ ದಡಿ. ಹೊಲಿಸುವಾಗ ಆ ದಡಿ ತೋಳಿನ ಅಂಚಿಗೆ ಬರೋ ಹಾಗೆ ಕತ್ತರಿಸಬೇಕು, ದರ್ಜಿಗೆ ಮೊದಲೇ ಹೇಳಿ, ಇಲ್ಲಾಂದ್ರೆ ದಡಿಯೆಲ್ಲ ಹೊಲಿಗೆ ಒಳಗೆ ಹೋಗಿಬಿಡ್ತದೆ. ಚಿತ್ರಗಳಿಗೆ ತೇರು, ಆನೆ ಹೆಜ್ಜೆ, ಸಿದ್ಧೇಶ್ವರ ಮುಕುಟ ಅಂತೆಲ್ಲ ಹೆಸರು. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಸೀರೆ ಇಲ್ಲದಿದ್ರೂ ನಡೀತದೆ, ಖಣ ಬೇಕೇ ಬೇಕು. ಖಣವನ್ನ ತ್ರಿಕೋನವಾಗಿ ಮಡಚಿ ಇಡೋ ಪದ್ಧತಿ ನೀವೂ ನೋಡಿರ್ತೀರಿ.

ಖಣ ಉಡೋರು ಕಡಿಮೆ ಆಗಿ ಮಗ್ಗಗಳು ನಿಲ್ತಾ ಬಂದಾಗ ಅದೇ ಬಟ್ಟೆಯಿಂದ ದುಪಟ್ಟಾ, ಬ್ಯಾಗ್, ಕುರ್ತಾ, ಜಾಕೆಟ್ ಹೊಲಿಯೋಕೆ ಶುರು ಮಾಡಿದ್ರು. ಸೀರೆ ಉಡದ ತಂಗಿ ಇದ್ರೆ ಖಣದ ಜಾಕೆಟ್ ಕೊಡಿ, ಜೀನ್ಸ್ ಮೇಲೂ ಒಪ್ತದೆ. ಸ್ಕೀ ಜಾಕೆಟ್ ಕೇಳಿದ್ರಲ್ಲ, ನಮ್ಮ ಕಡೆಯ ಜಾಕೆಟ್ ಇದು!

ಕಸೂತಿ ಬೇಕಾ? ಬಜೆಟ್ ಸ್ವಲ್ಪ ಜಾಸ್ತಿ ಇದ್ರೆ ಖಂಡಿತ. 2023ರ ಫೆಬ್ರವರಿ 1ರಂದು ಬಜೆಟ್ ಮಂಡಿಸೋಕೆ ನಿರ್ಮಲಾ ಸೀತಾರಾಮನ್ ಉಟ್ಟು ಬಂದ ಕೆಂಪು ಸೀರೆ ನೆನಪಿದೆಯಾ? ಕಪ್ಪು ದಡಿ, ಮೇಲೆ ಕಸೂತಿ. ಅದು ಧಾರವಾಡದ ಕಸೂತಿ ಹಾಕಿದ ಇಳಕಲ್ ರೇಷ್ಮೆ ಸೀರೆ. ಅದೂ ಉಡುಗೊರೆಯೇ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಕೊಟ್ಟಿದ್ದು. ಕಪ್ಪು ಚಂದ್ರಕಾಳಿ ಸೀರೆ ಮೇಲೆ ಬಣ್ಣಬಣ್ಣದ ಕಸೂತಿ ಇದ್ರಂತೂ ಕೇಳೋದೇ ಬೇಡ.

ಕೈ ಕಸೂತಿ ಗುರುತಿಸೋಕೂ ಸೀರೆ ತಿರುವಿ ಹಾಕೋದೇ ದಾರಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆ ಹೊಲಿಗೆ. ಪೆನ್ಸಿಲ್‌ನಲ್ಲಿ ಚಿತ್ರ ಬರ್ಕೊಂಡು ಹಾಕೋದಲ್ಲ, ಬಟ್ಟೆಯ ಎಳೆ ಎಣಿಸಿ ಹಾಕೋದು. ಗಂಟು ಹಾಕೋ ಹಾಗಿಲ್ಲ. ಗವಂತಿ, ಮುರಗಿಯಲ್ಲಿ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲ ಹೀಗೇ ಎಣಿಕೆಯಿಂದ ಹುಟ್ಟಿದವು. ಹಿಂದೆ ನೋಡಿದಾಗ ಬಿಳಿ ದಾರದ ಜಾಲ, ಅಂಟಿಸಿದ ಕಾಗದದಂಥ ಬಟ್ಟೆ ಕಂಡ್ರೆ ಅದು ಮಷೀನ್ ಕೆಲಸ.

ಎಲ್ಲಿ ಕೊಳ್ಳೋದು? ಸಾಧ್ಯ ಆದ್ರೆ ಇಳಕಲ್‌ಗೇ ಹೋಗಿ. ಹುನಗುಂದದ ದಾರಿಯಲ್ಲಿ ಅಮೀನಗಡ ಸಿಗ್ತದೆ, ಕರದಂಟು ತಗೊಳ್ಳಿ, ಅದು ಉಡುಗೊರೆ ಜೊತೆಗೆ ಹೋಗಲಿ. ಊರಲ್ಲಿ ಅಂಗಡಿಗಳೂ ಇವೆ, ನೇಕಾರರ ಸಹಕಾರಿ ಸಂಘಗಳೂ ಇವೆ. ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿದ ಮನೆಯಲ್ಲಿ 'ಒಳಗ ಬರಬಹುದೇನ್ರಿ' ಅಂತ ಕೇಳಿದ್ರೆ ಚಹಾ ಕುಡಿಸದೆ ಕಳಿಸಲ್ಲ. ಆದ್ರೆ ಮಗ್ಗದ ಮೇಲಿನ ಸೀರೆ ಬಹಳ ಸಲ ಮಾಲೀಕರದ್ದು, ಕೂಲಿ ನೇಕಾರರಿಗೆ ಅದನ್ನ ಮಾರೋ ಹಕ್ಕು ಇರಲ್ಲ, ಅವರನ್ನ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಬೆಂಗಳೂರಲ್ಲಿ ಇರೋರಿಗೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಇನ್‌ಸ್ಟಾಗ್ರಾಂನಲ್ಲಿ ತಗೊಳ್ಳೋದಾದ್ರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ವಿಡಿಯೋ ಕಾಲ್ ಮಾಡಿ, 'ತೋಪತೆನಿ ಹಿಂದಿನ ಕಡೆಯಿಂದ ತೋರಿಸ್ರಿ' ಅನ್ನಿ. ಗೊತ್ತಿರೋರು ಖುಷಿಯಿಂದ ತೋರಿಸ್ತಾರೆ. 'ಏನದು?' ಅಂದ್ರೆ ಕಾಲ್ ಕಟ್ ಮಾಡಿ.

ಚೌಕಾಸಿ ಬಗ್ಗೆ ಯಾರಾದ್ರೂ ಕೇಳೇ ಕೇಳ್ತೀರಿ. ಅಂಗಡಿಯಲ್ಲಿ ನೂರಿನ್ನೂರು ಕೇಳೋದು ನಮ್ಮ ಕಡೆ ಮಾತಿನ ಭಾಗ, ಕೇಳಿ. ನೇಕಾರರ ಮನೆಯಲ್ಲಿ, ಅವರ ಸ್ವಂತ ಸೀರೆ ಆಗಿದ್ರೆ, ನಾನು ಕೇಳಲ್ಲ.

ಸೀರೆ ಕೊಡುವಾಗ ಒಗೆಯೋದು ಹೇಗೆ ಅಂತಲೂ ಒಂದು ಚೀಟಿ ಬರೆದಿಡಿ. ಮೊದಲ ಸಲ ಒಂದನ್ನೇ, ತಣ್ಣೀರಲ್ಲಿ, ಕೆಂಪು ದಡಿ ಬಣ್ಣ ಬಿಡಬಹುದು. ಮಷೀನ್ ಬೇಡ, ಕುಣಿಕೆಯ ಸಾಲು ಎಳೆದುಹೋಗ್ತದೆ. ನೆರಳಲ್ಲಿ ಒಣಗಿಸಬೇಕು. ರೇಷ್ಮೆ ಜಾಸ್ತಿ ಇದ್ರೆ ಡ್ರೈ ಕ್ಲೀನ್. ಆಗಾಗ ಮಡಿಕೆ ಬದಲಿಸಬೇಕು, ಇಲ್ಲಾಂದ್ರೆ ಅದೇ ಗೆರೆಯಲ್ಲಿ ಹರೀತದೆ.

ಹೋದ ಜನವರಿಯಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೆ ಅವ್ವನ್ನ ಕರ್ಕೊಂಡು ಹೋಗಿದ್ದೆ. ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮೊಸರು ಇಟ್ಕೊಂಡು ಕೂತಿರೋ ಅಮ್ಮಂದಿರನ್ನ ನೋಡಿದೀರಲ್ಲ, ಇಳಕಲ್ ಸೀರೆ, ಖಣದ ಕುಬಸ. ನಾವು ಊಟಕ್ಕೆ ಕೂತ್ವಿ. ರೊಟ್ಟಿ ಬಡಿಸ್ತಾ ಇದ್ದ ಅಮ್ಮ ಅವ್ವನ ಸೆರಗಿನ ತುದಿ ಹಿಡಿದು, ತಿರುವಿ, ಎರಡು ಬೆರಳಲ್ಲಿ ತಿಕ್ಕಿ ನೋಡಿದ್ಲು. 'ತೋಪತೆನಿ ಐತೆಲಾ. ಯಾರ್ ಕೊಡ್ಸಿದ್ರವಾ?' ಅಂದ್ಲು. ಅವ್ವ ನನ್ನ ಕಡೆ ನೋಡಿ, 'ಎರಡನೇ ಸಲಕ್ಕ ಬರೋಬ್ಬರಿ ತಂದಾನ' ಅಂದ್ಲು.

ವಾಯ್ಸ್ ನೋಟ್ ಕಳಿಸಿದ ತಮ್ಮಾ, ಸೀರೆ ತಗೊಂಡ ಮೇಲೆ ಕುಣಿಕೆಯ ಸಾಲಿನ ಫೋಟೋ ಕಳಿಸು. ಮುಂದಿನ ವಾರ ಸಿಗೋಣ, ನಮಸ್ಕಾರ.